ಮುದ್ರೆ ಇಲ್ಲದ ಹಳೇ ಬೆಳ್ಳಿ: ಗುರುತಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ

ಬೆಳಗಾವಿಯ ಶಹಾಪುರದಲ್ಲಾಗಲಿ ವಿಜಯಪುರದ ಸರಾಫ್ ಬಜಾರಿನಲ್ಲಾಗಲಿ ಹಳೇ ಬೆಳ್ಳಿ ತಂಬಿಗೆಯನ್ನು ಅಂಗಡಿಯವರ ಮುಂದಿಟ್ಟರೆ ಮೊದಲು ಅದನ್ನು ಬೋರಲು ಹಾಕಿ ನೋಡುತ್ತಾರೆ. ತಳದಲ್ಲಿ ಮುದ್ರೆ ಕಾಣದಿದ್ದರೆ ಬರುವ ಮಾತು ಒಂದೇ: "ಹಾಲ್‌ಮಾರ್ಕ್ ಇಲ್ಲ, ಕರಗಿಸಿದ ಮೇಲೆ ಎಷ್ಟು ಬರುತ್ತೋ ಅಷ್ಟು." ಮನೆಯವರೂ ಅದನ್ನೇ ನಂಬಿ ತಲೆ ಆಡಿಸುತ್ತಾರೆ. ಅಜ್ಜಿಯ ತವರಿನಿಂದ ಬಂದ ಪಾತ್ರೆ ಅರ್ಧ ತಾಸಿನಲ್ಲಿ ಕರಗಿ ಬೆಳ್ಳಿ ಗಟ್ಟಿಯಾಗಿ ಹೋಗುತ್ತದೆ.

ಆದರೆ ನಮ್ಮ ಭಾಗದ ಹಳೇ ಬೆಳ್ಳಿಗೆ ಮುದ್ರೆ ಇರದಿರುವುದೇ ರೂಢಿ. ಬ್ರಿಟಿಷರ ಕಾಲದ ಭಾರತದಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ವ್ಯವಸ್ಥೆ ಇರಲಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಬೆಳ್ಳಿಗೆ ಹಾಲ್‌ಮಾರ್ಕ್ ಆರಂಭಿಸಿದ್ದು 2005ರಲ್ಲಿ. ಅದಕ್ಕೂ ಮೊದಲು ಪತ್ತಾರರು (ಅಕ್ಕಸಾಲಿಗರು) ಮಾಡಿದ ಕರಡಿಗೆ, ಕಡಗ, ಆರತಿ ತಟ್ಟೆಗಳಲ್ಲಿ ಮುದ್ರೆ ಹುಡುಕುವುದರಲ್ಲಿ ಅರ್ಥವಿಲ್ಲ. ಓದಬೇಕಾದದ್ದು ಬೇರೆ ಇದೆ: ಮಾಡಿದ ರೀತಿ, ಕೆತ್ತಿದ ಅಕ್ಷರ, ತೂಕ, ಸವೆತ, ಕೊನೆಗೆ ಲೋಹ. ಈ ಕ್ರಮ ತಪ್ಪಿಸಿ ಮೊದಲೇ ಆಸಿಡ್ ಹಾಕಲು ಹೋದರೆ ವಸ್ತುವೂ ಕೆಡುತ್ತದೆ, ಮಾಹಿತಿಯೂ ಅಳಿಯುತ್ತದೆ.

ಶುರು ಮಾಡುವ ಮುನ್ನ

ತಿಕ್ಕಬೇಡಿ. ಹುಣಸೆಹುಳಿ, ಬೂದಿ, ಟೂತ್‌ಪೇಸ್ಟ್, ಹೊಳಪಿನ ಪುಡಿ ಯಾವುದೂ ಬೇಡ. ಕಪ್ಪು ಹಿಡಿದಿರುವುದು ಬೆಳ್ಳಿಯ ಸಲ್ಫೈಡ್. ಅದು ಕೆತ್ತನೆಯ ತಗ್ಗಿನಲ್ಲಿ ಉಳಿದಿದ್ದರೆ ಸಣ್ಣ ಅಕ್ಷರ, ಸಣ್ಣ ಮುದ್ರೆ ಎದ್ದು ಕಾಣುತ್ತವೆ. ತಿಕ್ಕಿದಾಗ ಈ ಕಪ್ಪಿನ ಜೊತೆಗೆ ಲೋಹವೂ ಸವೆಯುತ್ತದೆ. ಪ್ರತಿ ದೀಪಾವಳಿಗೆ ತಿಕ್ಕಿಸಿಕೊಂಡ ಪಾತ್ರೆಗಳ ತಳದ ಬರಹ ಅರ್ಧ ಅಳಿಸಿಹೋಗಿರುವುದು ಇದರಿಂದಲೇ. ಧೂಳು, ಎಣ್ಣೆ ಜಿಡ್ಡು, ಕುಂಕುಮ ಮೆತ್ತಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ ಮೆತ್ತನೆ ಬ್ರಶ್‌ನಿಂದ ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇದಕ್ಕೂ ಒಂದು ಅಪವಾದವಿದೆ. ಟೊಳ್ಳು ಕಡಗ, ತೋಳ ವಂಕಿ, ದೇವರ ಮುಖವಾಡಗಳ ಒಳಗೆ ಅರಗು ತುಂಬಿರಬಹುದು. ಇವನ್ನು ನೀರಿನಲ್ಲಿ ಅದ್ದಬಾರದು, ಬಿಸಿನೀರಿನಲ್ಲಂತೂ ಬೇಡವೇ ಬೇಡ. ಬಿಸಿಗೆ ಅರಗು ಮೆತ್ತಗಾಗಿ ಸಂದಿಯಿಂದ ಹೊರಬರುತ್ತದೆ, ಒಳಗಿನ ಆಧಾರ ತಪ್ಪಿದ ತೆಳು ತಗಡು ನಗ್ಗುತ್ತದೆ.

ಬೇಕಾದ ಸಲಕರಣೆ ಹೆಚ್ಚಿಲ್ಲ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಭೂತಗನ್ನಡಿ, 0.01 ಗ್ರಾಂವರೆಗೆ ತೋರಿಸುವ 500 ಗ್ರಾಂ ಸಾಮರ್ಥ್ಯದ ಡಿಜಿಟಲ್ ತಕ್ಕಡಿ, ದೊಡ್ಡ ಪಾತ್ರೆಗೆ ಅಡುಗೆಮನೆಯ ತಕ್ಕಡಿ, ಬಲವಾದ ಅಯಸ್ಕಾಂತ, ಟಾರ್ಚ್, ತೆಳು ನೈಲಾನ್ ದಾರ, ಒಂದು ನೋಟ್‌ಬುಕ್.

ಹಂತ 1: ವಸ್ತು ಯಾವುದು, ಎಲ್ಲಿ ನೋಡಬೇಕು

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರು ಜಿಲ್ಲೆಗಳ ಮನೆಗಳಲ್ಲಿ ಸಿಗುವ ಹಳೇ ಬೆಳ್ಳಿಯನ್ನು ಹೆಚ್ಚುಕಡಿಮೆ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪತ್ತಾರರು ಮಾಡಿದ ಜವಾರಿ ಸಾಮಾನು: ಇಷ್ಟಲಿಂಗದ ಕರಡಿಗೆ, ಕಾಲ್ಗಡಗ, ಉಡಿದಾರ, ಡಾಬು, ಎಲೆ-ಅಡಿಕೆ ತಟ್ಟೆ, ಸುಣ್ಣದ ಡಬ್ಬಿ, ಕುಂಕುಮ ಭರಣಿ, ಗುಲಾಬ್‌ದಾನಿ, ಅತ್ತರ್‌ದಾನಿ, ದೇವರ ಕಣ್ಣು-ಮೀಸೆ, ಮುಖವಾಡ. ಎರಡನೆಯದು ಬೆಳಗಾವಿಯ ಕ್ಯಾಂಪ್ (ದಂಡು ಪ್ರದೇಶ) ಕಡೆಯಿಂದ ಹರಿದು ಬಂದ ಇಂಗ್ಲಿಷ್ ಸಾಮಾನು: ಚಹಾ ಸೆಟ್ಟು, ಚಮಚ, ಪಂದ್ಯದ ಕಪ್ಪು, ಸಿಗರೇಟ್ ಡಬ್ಬಿ. ಮೂರನೆಯದು ಪುಣೆ, ಕಚ್ಛ್, ಮದ್ರಾಸು, ಕಲ್ಕತ್ತಾಗಳಲ್ಲಿ ಮಾಡಿದ, ಯುರೋಪಿಯನ್ನರಿಗಾಗಿಯೇ ತಯಾರಾದ ಭಾರತೀಯ ಬೆಳ್ಳಿ. ನಾಲ್ಕನೆಯದು ನಾಣ್ಯ ಮತ್ತು ನಾಣ್ಯದ ಸರ.

ಇವುಗಳ ನಡುವೆ ಬೆಳ್ಳಿಯಲ್ಲದ ಎರಡು ವಸ್ತು ಸದಾ ನುಸುಳುತ್ತವೆ. ಒಂದು ಜರ್ಮನ್ ಸಿಲ್ವರ್. ಇದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಹೆಸರಿನಲ್ಲಿ ಬಿಟ್ಟರೆ ಎಲ್ಲೂ ಬೆಳ್ಳಿ ಇಲ್ಲ. ಇನ್ನೊಂದು ಬಿದರಿ ಸಾಮಾನು. ಅದರ ಮೈ ಸತು-ತಾಮ್ರದ್ದು, ಕಪ್ಪು. ಮೇಲಿನ ಬಳ್ಳಿ-ಹೂವು ಮಾತ್ರ ಬೆಳ್ಳಿ. ಬಿದರಿ ಬೆಲೆ ಇರುವುದು ಕೆಲಸಕ್ಕೆ. ಅದನ್ನು ಬೆಳ್ಳಿಯ ತೂಕದಲ್ಲಿ ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ತಿಕ್ಕಿ ಕಪ್ಪು ತೆಗೆದರೆ ವಸ್ತು ಕೆಟ್ಟಂತೆಯೇ.

ನೋಡಬೇಕಾದ ಜಾಗಗಳು: ತಳದ ಮಧ್ಯ ಮತ್ತು ತಳದ ಉಂಗುರದ ಒಳಬದಿ, ಕಂಠದ ಹೊರ ಅಂಚು, ಮುಚ್ಚಳದ ಒಳಗೆ, ಚಮಚದ ಹಿಡಿಯ ಹಿಂದೆ, ಸರದ ಕೊಂಡಿಯ ಅಡಿ, ಕಡಗದ ತಿರುಪಿನ ಪಕ್ಕ. ಟಾರ್ಚನ್ನು ನೇರವಾಗಿ ಬಿಡಬೇಡಿ. ಪಕ್ಕದಿಂದ, ಮೇಲ್ಮೈಗೆ ಸವರಿದಂತೆ ಬಿಟ್ಟರೆ ಸವೆದ ಅಕ್ಷರದ ನೆರಳು ಮೂಡುತ್ತದೆ. ಆಗಲೂ ಓದಲಾಗದಿದ್ದರೆ ಅಡುಗೆಮನೆಯ ತೆಳು ಅಲ್ಯೂಮಿನಿಯಂ ಹಾಳೆಯನ್ನು ಆ ಜಾಗದ ಮೇಲಿಟ್ಟು ಹತ್ತಿ ಉಂಡೆಯಿಂದ ಮೆಲ್ಲಗೆ ಒತ್ತಿ ಅಚ್ಚು ತೆಗೆಯಿರಿ. ಮಕ್ಕಳು ಆಡುವ ಬಣ್ಣದ ಮಣ್ಣು ಬಳಸಬೇಡಿ, ಅದರಲ್ಲಿ ಗಂಧಕ ಇರುವುದುಂಟು, ಬೆಳ್ಳಿ ಕಲೆಯಾಗುತ್ತದೆ.

ಹಂತ 2: ಮಾಡಿದ ರೀತಿ

ಕೈಯಿಂದ ಬಡಿದು ಎಬ್ಬಿಸಿದ ತಂಬಿಗೆಯ ಒಳಗೆ ಬೆರಳಾಡಿಸಿ. ಸುತ್ತಿಗೆಯ ಚಪ್ಪಟೆ ಗುರುತುಗಳು ಸಾಲುಸಾಲಾಗಿ ಸಿಗುತ್ತವೆ. ತಳದ ನಟ್ಟನಡುವೆ ಒಂದು ಚುಕ್ಕಿ ಇರುತ್ತದೆ. ಅದು ಕೈವಾರದ ಮುಳ್ಳು ಊರಿದ ಜಾಗ. ಪತ್ತಾರ ಎತ್ತರ ಹೆಚ್ಚಿದಂತೆಲ್ಲ ಅಲ್ಲಿಂದಲೇ ವೃತ್ತ ಎಳೆದುಕೊಳ್ಳುತ್ತಾನೆ. ಲೇಥ್ ಮೇಲೆ ತಿರುಗಿಸಿ ಮಾಡಿದ ಪಾತ್ರೆಯಲ್ಲಿ ಇದರ ಬದಲು ಒಂದೇ ಅಂತರದ ವೃತ್ತ ಗೀರುಗಳು ಒಳಗೆಲ್ಲ ಇರುತ್ತವೆ, ತಗಡಿನ ದಪ್ಪವೂ ಸಮನಾಗಿರುತ್ತದೆ.

ಕರಡಿಗೆ ಸಿಕ್ಕರೆ ಇನ್ನೂ ನಿಧಾನಿಸಿ. ಒಳಗೆ ಇಷ್ಟಲಿಂಗವಿದ್ದರೆ ಮನೆಯ ಹಿರಿಯರೇ ಅದನ್ನು ತೆಗೆದು ಬೇರೆ ಇಡಲಿ. ಪರೀಕ್ಷೆಯ ಯಾವ ದ್ರಾವಣವೂ ಲಿಂಗದ ಕಂತಿಗೆ, ಅಂದರೆ ಅದರ ಮೇಲಿನ ಕಪ್ಪು ಲೇಪಕ್ಕೆ, ಸೋಕಬಾರದು. ಆಮೇಲೆ ಶಿವದಾರ ಪೋಣಿಸುವ ಬಳೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹತ್ತಾರು ವರ್ಷ ಕೊರಳಲ್ಲಿದ್ದ ಕರಡಿಗೆಯಲ್ಲಿ ದಾರ ಎಳೆದ ಕಡೆ, ಅಂದರೆ ಬಳೆಯ ಒಳಬದಿಯ ಮೇಲ್ಭಾಗದಲ್ಲಿ, ನುಣುಪಾದ ತಗ್ಗು ಬಿದ್ದಿರುತ್ತದೆ. ಕೆಳಬದಿ ದಪ್ಪವಾಗಿಯೇ ಉಳಿದಿರುತ್ತದೆ. ಎದೆಗೆ ತಾಗುವ ಹಿಂಬದಿಯ ಕೆತ್ತನೆ ಮುಂಬದಿಗಿಂತ ಹೆಚ್ಚು ಸವೆದಿರುತ್ತದೆ. ಹೊಸದನ್ನು ಹಳತು ಎಂದು ತೋರಿಸಲು ರಾಸಾಯನಿಕದಲ್ಲಿ ಅದ್ದಿ ಕಪ್ಪು ಮಾಡಿದ ಕರಡಿಗೆಯಲ್ಲಿ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಬಳೆಯಲ್ಲಿ ಮಾತ್ರ ತಗ್ಗು ಇರುವುದಿಲ್ಲ. ಈ ಒಂದು ಗುರುತು ಬೇರೆ ಎಷ್ಟೋ ಪರೀಕ್ಷೆಗಿಂತ ನಂಬಿಕೆಯದು.

ತಿರುಪು ಇರುವ ಕಡಗ, ಡಬ್ಬಿಗಳಲ್ಲಿ ತಿರುಪಿನ ಎಳೆ ನೋಡಿ. ಹಳೇ ಕೆಲಸದಲ್ಲಿ ಕಂಬಚ್ಚಿನಲ್ಲಿ ಎಳೆದ ತಂತಿಯನ್ನು ಕಡ್ಡಿಗೆ ಸುತ್ತಿ ಬೆಸೆದೇ ಎಳೆ ಮಾಡುತ್ತಿದ್ದರು. ಎಳೆಗಳ ಅಂತರ ಹೆಚ್ಚುಕಡಿಮೆ ಇರುತ್ತದೆ, ಬೆಸುಗೆ ಅಲ್ಲಲ್ಲಿ ಕಾಣುತ್ತದೆ. ಯಂತ್ರದಲ್ಲಿ ಕೊರೆದ ಎಳೆ ಚೂಪಾಗಿ ಸಮನಾಗಿರುತ್ತದೆ. ಆದರೆ ತಿರುಪು ಹೊಸದೆಂದ ಮಾತ್ರಕ್ಕೆ ಕಡಗ ಹೊಸದಲ್ಲ. ಮೊದಲು ಸವೆದು ಹಾಳಾಗುವುದು ತಿರುಪೇ, ಬದಲಿಸಿರಬಹುದು.

ಕಾಲ್ಗೆಜ್ಜೆಗಳ ಬಗ್ಗೆ ಒಂದು ಮಾತು. ನಿಪ್ಪಾಣಿ, ಚಿಕ್ಕೋಡಿ ಕಡೆಯ ಅಂಗಡಿಗಳಿಗೆ ಗಡಿಯಾಚೆಯ ಹುಪರಿಯಿಂದ ಬೆಳ್ಳಿ ಗೆಜ್ಜೆ ಬರುತ್ತದೆ. ಕೊಂಡಿಯ ಮೇಲೆ ಅಕ್ಷರ, ಸಂಖ್ಯೆ ಒತ್ತಿರುವುದುಂಟು. ಅದು ತಯಾರಕರು ತಾವೇ ಹಾಕಿಕೊಂಡ ಗುರುತು. ಸರ್ಕಾರಿ ಪರೀಕ್ಷೆಯ ಮುದ್ರೆ ಎಂದು ತಿಳಿಯಬಾರದು.

ಹಂತ 3: ಅಕ್ಷರ, ಅಂಕಿ, ಗೀರು

ಇಲ್ಲಿ ಅವಸರ ಮಾಡಬೇಡಿ, ಏಕೆಂದರೆ ನಮ್ಮ ಬೆಳ್ಳಿಯ ನಿಜವಾದ ದಾಖಲೆ ಇರುವುದು ಇಲ್ಲೇ. ತಳದ ಬರಹ ಕನ್ನಡದಲ್ಲಿರಬಹುದು, ದೇವನಾಗರಿಯಲ್ಲಿರಬಹುದು, ಇಲ್ಲವೇ ಮರಾಠಿಯ ಕೂಡುಬರಹದ ಹಳೇ ಲಿಪಿಯಾದ ಮೋಡಿಯಲ್ಲಿರಬಹುದು. ಜಮಖಂಡಿ, ಮುಧೋಳ, ರಾಮದುರ್ಗಗಳು ಮರಾಠಿ ಅರಸು ಮನೆತನಗಳ ಸಂಸ್ಥಾನಗಳಾಗಿದ್ದವು. ದಫ್ತರದ ಲಿಪಿ ಮೋಡಿ. ಹಾಗಾಗಿ ಕನ್ನಡ ಮನೆಯ ಪಾತ್ರೆಯ ಮೇಲೂ ಮೋಡಿ ಬರಹ ಸಿಗುತ್ತದೆ. ತಲೆಗೆರೆಯ ಕೆಳಗೆ ಒಂದಕ್ಕೊಂದು ಕೂಡಿಕೊಂಡ ದುಂಡು ಗೀಚು ಕಂಡರೆ ಅದನ್ನು ಗೀರು ಎಂದು ಬಿಡದೆ ಫೋಟೊ ತೆಗೆದು ಮೋಡಿ ಓದಬಲ್ಲವರಿಗೆ ತೋರಿಸಿ.

ಅಂಕಿ ಬಹುಮಟ್ಟಿಗೆ ತೂಕವೇ. ಒಂದು ತೊಲ ಎಂದರೆ 11.66 ಗ್ರಾಂ, ಅದೇ ಒಂದು ಬೆಳ್ಳಿ ರೂಪಾಯಿಯ ತೂಕ. ತೊಲಕ್ಕೆ 12 ಮಾಸಿ, ಮಾಸಿಗೆ 8 ಗುಂಜಿ. ಇಂದು ಪೇಟೆಯಲ್ಲಿ ತೊಲ ಎಂದರೆ 10 ಗ್ರಾಂ ಎಂದು ಹೇಳುವುದುಂಟು. ಹಳೇ ಬರಹಕ್ಕೆ ಆ ಲೆಕ್ಕ ಹಾಕಬೇಡಿ. ಅಂಕಿಯ ಮುಂದಿನ ನಿಂತ ಗೆರೆಗಳು ಕಾಲುಭಾಗಗಳು: ಒಂದು ಗೆರೆ ಕಾಲು, ಎರಡು ಅರ್ಧ, ಮೂರು ಮುಕ್ಕಾಲು. "ತೊ ೨೪॥" ಎಂದಿದ್ದರೆ ಇಪ್ಪತ್ತನಾಲ್ಕೂವರೆ ತೊಲ, ಅಂದರೆ ಸುಮಾರು 285.8 ಗ್ರಾಂ.

ಈಗ ಅದೇ ಪಾತ್ರೆ ತೂಗಿ. 279 ಗ್ರಾಂ ಬಂದರೆ ಉಳಿದದ್ದು ಸವೆತಕ್ಕೆ ಹೋಯಿತು, ಎಲ್ಲ ಸರಿ ಇದೆ. 262 ಬಂದರೆ ಏನೋ ಕಳಚಿದೆ: ಮುಚ್ಚಳ, ಹಿಡಿ, ತಳದ ಉಂಗುರ. ಅವು ಇದ್ದ ಜಾಗದಲ್ಲಿ ಬೆಸುಗೆಯ ಗುರುತು ಹುಡುಕಿ. 301 ಬಂದರೆ ಆಮೇಲೆ ಯಾರೋ ಏನೋ ಸೇರಿಸಿದ್ದಾರೆ, ಹೆಚ್ಚಾಗಿ ತೂತು ಮುಚ್ಚಲು ಹಾಕಿದ ತವರ ಅಥವಾ ಸೀಸದ ಬೆಸುಗೆ. ಬರಹದ ತೂಕಕ್ಕೂ ತಕ್ಕಡಿಗೂ ತಾಳೆಯಾದರೆ ವಸ್ತು ಇಡಿಯಾಗಿ ಉಳಿದಿದೆ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ಸಿಗದು. ತೂಕವನ್ನು ಗ್ರಾಂನಲ್ಲಿ ಕೆತ್ತಿದ್ದರೆ ಆ ಕೆತ್ತನೆ ಮೆಟ್ರಿಕ್ ತೂಕ ಬಂದ ಮೇಲಿನದು, ಅಂದರೆ 1950ರ ದಶಕದ ಕೊನೆಯ ನಂತರದ್ದು.

ಇಸವಿಯಲ್ಲಿ ಎಡವುವವರು ಬಹಳ. "1835" ಎಂದು ಕೆತ್ತಿದ್ದನ್ನು ನೋಡಿ ಈಸ್ಟ್ ಇಂಡಿಯಾ ಕಂಪನಿಯ ಕಾಲದ್ದು ಎಂದು ಹೇಳಿಬಿಡುತ್ತಾರೆ. ಹಿಂದೆ "ಶಕೆ" ಅಥವಾ ಬರೀ "ಶ" ಇದೆಯೇ ನೋಡಿ. ಶಾಲಿವಾಹನ ಶಕೆಗೆ 78 ಕೂಡಿಸಬೇಕು, ಶಕೆ 1835 ಎಂದರೆ 1913-14. ಫಸಲಿ (ಕಂದಾಯ ಲೆಕ್ಕದ) ವರ್ಷಕ್ಕೆ ದಖ್ಖನಿನ ಲೆಕ್ಕದಲ್ಲಿ 590 ಕೂಡಿಸಬೇಕು, ಫಸಲಿ 1320 ಎಂದರೆ 1910ರ ಆಸುಪಾಸು. ಸಂವತ್ಸರದ ಹೆಸರಿದ್ದರೆ ಇನ್ನೂ ಒಳ್ಳೆಯದು. ಶಕೆ 1835ಕ್ಕೆ ಪ್ರಮಾದೀಚ ಸಂವತ್ಸರ; ಬರಹದಲ್ಲಿ ಅದೇ ಇದ್ದರೆ ಕೆತ್ತಿಸಿದವರಿಗೆ ಪಂಚಾಂಗ ಗೊತ್ತಿತ್ತು, ದಿನಾಂಕ ನಂಬಬಹುದು. ಶಕೆ ಒಂದು, ಸಂವತ್ಸರ ಇನ್ನೊಂದು ಎಂದಾದರೆ ಆ ಬರಹವನ್ನು ಆಮೇಲೆ ಕೆತ್ತಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ಬರೀ ಸಂವತ್ಸರವಿದ್ದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ 1867ರಲ್ಲೂ ಇತ್ತು, 1927ರಲ್ಲೂ ಇತ್ತು, 1987ರಲ್ಲೂ ಇತ್ತು. ಯಾವುದೆಂದು ತೀರ್ಮಾನಿಸಲು ಕೆಲಸದ ರೀತಿಯನ್ನೇ ಕೇಳಬೇಕು.

ತಳದ ಅಂಚಿನಲ್ಲಿ ಒಂದು ಸಣ್ಣ ಕಡಿತ, ಅರದಿಂದ ಉಜ್ಜಿದ ಗುರುತು ಇದ್ದರೆ ಬೇಸರಪಡಬೇಡಿ. ಹಿಂದೊಮ್ಮೆ ಸರಾಫರು ಒರೆ ಹಚ್ಚಿ ನೋಡಿದ ಜಾಗ ಅದು. ಆ ತಗ್ಗಿನ ಬಣ್ಣ ನೋಡಿ: ಒಳಗೂ ಬಿಳಿಯಾಗಿದ್ದರೆ ಬೆಳ್ಳಿ, ಕೆಂಪೋ ಹಳದಿಯೋ ಇದ್ದರೆ ಮೇಲೆ ಬೆಳ್ಳಿಯ ಮುಲಾಮು, ಅಂದರೆ ತೆಳು ಲೇಪ ಮಾತ್ರ.

ಹಂತ 4: ಮುದ್ರೆ ಇದ್ದರೆ

ಇಂಗ್ಲಿಷ್ ಬೆಳ್ಳಿಯ ಮುದ್ರೆ ಒಂದಲ್ಲ, ಒಂದು ಸಾಲು. ಎಡಕ್ಕೆ ನಡೆಯುತ್ತಿರುವ, ಮುಂಗಾಲು ಎತ್ತಿದ ಸಿಂಹ ಶುದ್ಧತೆಯ ಗುರುತು, ಸಾವಿರಕ್ಕೆ 925 ಭಾಗ ಬೆಳ್ಳಿ. ಪಕ್ಕದಲ್ಲಿ ಊರಿನ ಗುರುತು: ಚಿರತೆ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಕಿರೀಟ 1974ರವರೆಗಿನ ಶೆಫೀಲ್ಡ್, ಕೋಟೆ ಎಡಿನ್‌ಬರೊ. ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್‌ಗಳ ಪರೀಕ್ಷಾ ಕಚೇರಿ ಶುರುವಾದದ್ದು 1773ರಲ್ಲಿ. ಲಂಡನ್ನಿನ ಚಿರತೆಯ ತಲೆಯ ಮೇಲೆ ಕಿರೀಟವಿದ್ದರೆ ಅದು 1821ಕ್ಕೂ ಹಿಂದಿನದು. ರಾಜ ಅಥವಾ ರಾಣಿಯ ಪಕ್ಕಮುಖ ಸಾಲಿನಲ್ಲಿದ್ದರೆ ಅದು ಸುಂಕ ಕಟ್ಟಿದ ಗುರುತು, 1784ರಿಂದ 1890ರವರೆಗೆ ಒತ್ತಿದ್ದು. ಉಳಿದವು ತಯಾರಕರ ಹೆಸರಿನ ಮೊದಲಕ್ಷರ ಮತ್ತು ವರ್ಷವನ್ನು ಸೂಚಿಸುವ ಒಂದೇ ಅಕ್ಷರ. ಈ ವರ್ಷದಕ್ಷರದ ಪಟ್ಟಿ ಊರೂರಿಗೆ ಬೇರೆ. ಅಕ್ಷರದ ಬರಹ ಶೈಲಿ, ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ನೋಡದೆ ಬರೀ ಅಕ್ಷರ ಹಿಡಿದು ವರ್ಷ ಹೇಳಿದರೆ ಇಪ್ಪತ್ತು-ಇಪ್ಪತ್ತೈದು ವರ್ಷ ಆಚೀಚೆ ಆಗುವುದು ಖಂಡಿತ.

ಕ್ಯಾಂಪಿನ ಹಳೇ ಚಹಾ ಸೆಟ್ಟುಗಳಲ್ಲಿ ಹೆಚ್ಚು ಸಿಗುವುದು ಇದಲ್ಲ. ನಾಲ್ಕು ಪುಟ್ಟ ಚೌಕಟ್ಟುಗಳಲ್ಲಿ ಇ, ಪಿ, ಎನ್, ಎಸ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅಲಂಕಾರಿಕ ಬರಹದಲ್ಲಿ ಒತ್ತಿರುತ್ತಾರೆ. ದೂರದಿಂದ ಹಾಲ್‌ಮಾರ್ಕ್ ಸಾಲಿನಂತೆಯೇ ಕಾಣಲಿ ಎಂಬುದೇ ಉದ್ದೇಶ. ಅರ್ಥ ಮಾತ್ರ ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಹಾಕಿದ ಬೆಳ್ಳಿ ಲೇಪ. "ಎ1" ಎಂಬುದು ಲೇಪದ ದರ್ಜೆ, ಶುದ್ಧತೆಯಲ್ಲ. ಈ ವಿದ್ಯುತ್ ಲೇಪಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಆದದ್ದು 1840ರಲ್ಲಿ. ಸಿಂಹ ಇಲ್ಲದಿದ್ದರೆ ಇಂಗ್ಲಿಷ್ ಸಾಮಾನನ್ನು ಘನ ಬೆಳ್ಳಿ ಎಂದು ಕೊಳ್ಳಬೇಡಿ. ಎಡಿನ್‌ಬರೊದ ಮುಳ್ಳುಗಿಡದ ಹೂವು, ಡಬ್ಲಿನ್ನಿನ ಕಿರೀಟಧಾರಿ ವೀಣೆಯಂಥ ಕೆಲವು ಅಪವಾದ ಬಿಟ್ಟರೆ ಈ ನಿಯಮ ಕೈಕೊಡುವುದಿಲ್ಲ.

ಪಂದ್ಯದ ಕಪ್ಪಿನ ಮೇಲೆ ಕೆತ್ತಿದ ವರ್ಷ ಕಪ್ಪು ಕೊಟ್ಟ ವರ್ಷ, ಮಾಡಿದ ವರ್ಷವಲ್ಲ. ವರ್ಷದಕ್ಷರ ಅದಕ್ಕಿಂತ ಹಿಂದಿನದಾಗಿದ್ದರೆ ಸಹಜ. ಮುಂದಿನದಾಗಿದ್ದರೆ ಎರಡರಲ್ಲಿ ಒಂದು ಸುಳ್ಳು.

ಬ್ರಿಟಿಷ್ ಕಾಲದ ಭಾರತೀಯ ತಯಾರಕರು ತಮ್ಮ ಹೆಸರನ್ನೇ ಒತ್ತುತ್ತಿದ್ದರು. ಕಲ್ಕತ್ತಾದ ಹ್ಯಾಮಿಲ್ಟನ್ ಅಂಡ್ ಕಂಪನಿ, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಭುಜ್‌ನ ಊಮರ್ಸಿ ಮಾವಜಿ ಹೆಸರಾಂತವರು. ಕೊನೆಯವರ ಗುರುತು "ಓ ಎಂ" ಎಂಬ ಎರಡು ಇಂಗ್ಲಿಷ್ ಅಕ್ಷರ. ಕಚ್ಛ್ ಕೆಲಸದಲ್ಲಿ ಬಳ್ಳಿ-ಎಲೆಗಳು ಜಾಗ ಬಿಡದಂತೆ ಹೆಣೆದುಕೊಂಡಿರುತ್ತವೆ. ಮದ್ರಾಸು, ಪುಣೆಯ ಕೆಲಸದಲ್ಲಿ ದೇವತೆಗಳ ಸಾಲು ಉಬ್ಬಿ ನಿಂತಿರುತ್ತದೆ. ಇಂಥ ವಸ್ತುವಿಗೆ ಲೋಹದ ಬೆಲೆಯ ಹಲವು ಪಟ್ಟು ಬೆಲೆ ಬರುವುದರಿಂದ ಇವನ್ನು ತೂಕಕ್ಕೆ ಹಾಕುವ ಮುನ್ನ ಹರಾಜು ಸಂಸ್ಥೆಗೋ ಸಂಗ್ರಹಕಾರರಿಗೋ ಫೋಟೊ ಕಳಿಸಲೇಬೇಕು.

ಯುರೋಪಿನ ಉಳಿದ ದೇಶಗಳದ್ದು ಚುಟುಕಾಗಿ. 800ರ ಪಕ್ಕ ಅರ್ಧಚಂದ್ರ-ಕಿರೀಟ ಇದ್ದರೆ ಜರ್ಮನಿ, 1888ರ ನಂತರದ್ದು. 84 ಎಂದಿದ್ದರೆ ರಷ್ಯದ ಲೆಕ್ಕ, 875ಕ್ಕೆ ಸಮ. ಹದ್ದಿನ ತಲೆಯ ಜೊತೆ 833 ಎಂದಿದ್ದರೆ ಪೋರ್ಚುಗಲ್. ಗೋವೆ ಹತ್ತಿರವಿರುವುದರಿಂದ ಬೆಳಗಾವಿ, ಖಾನಾಪುರದ ಕಡೆ ಇದು ಕಣ್ಣಿಗೆ ಬಿದ್ದರೆ ಅಚ್ಚರಿಯಿಲ್ಲ.

ಬಿಐಎಸ್ ಮುದ್ರೆ ಕಂಡರೆ ವಸ್ತು ಹಳೆಯದಲ್ಲ, ಇಲ್ಲವೇ ಹಳೆಯದಕ್ಕೆ ಇತ್ತೀಚೆಗೆ ಒತ್ತಿಸಿದ್ದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಬಂದಿದೆ, ಸದ್ಯ ಕಡ್ಡಾಯವಲ್ಲ. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರಿಶೀಲಿಸಬಹುದು. ಯಾವ ಜೊತೆಗುರುತೂ ಇಲ್ಲದ ಒಂಟಿ "925" ಮಾರುವವರ ಮಾತಿಗೆ ಸಮ.

ಹಂತ 5: ತೂಕ ಮತ್ತು ನೀರು

ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣವಿದೆ. ಹಿಡಿಯದಿದ್ದರೆ ಬೆಳ್ಳಿ ಎಂದೇನೂ ಅಲ್ಲ. ತಾಮ್ರ, ಹಿತ್ತಾಳೆ, ಸೀಸವನ್ನೂ ಅದು ಹಿಡಿಯುವುದಿಲ್ಲ. ಕೊಂಡಿಯ ಮುಳ್ಳು, ಸ್ಪ್ರಿಂಗ್ ಮಾತ್ರ ಹಿಡಿದರೆ ಚಿಂತೆಯಿಲ್ಲ. ಐಸ್ ತುಂಡು ಬೇಗ ಕರಗುತ್ತದೆಯೇ ಎಂಬ ಪರೀಕ್ಷೆಯೂ ತಾಮ್ರಕ್ಕೆ ಮೋಸಹೋಗುತ್ತದೆ.

ಸಾಂದ್ರತೆ ಅಳೆಯುವುದು ಇವೆರಡಕ್ಕಿಂತ ಎಷ್ಟೋ ಮೇಲು. ಮೊದಲು ಒಣಗಿದ ವಸ್ತುವನ್ನು ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಲೋಟ, ನೀರು ಸೇರಿ ತಕ್ಕಡಿಯ ಮಿತಿ ಮೀರಬಾರದು. ವಸ್ತುವನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೂ ಬದಿಗೂ ತಾಗದಂತೆ ಹಿಡಿಯಿರಿ. ಈಗ ತಕ್ಕಡಿ ತೋರಿಸಿದ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಬಟ್ಟಲು 142 ಗ್ರಾಂ, ನೀರಿನಲ್ಲಿ ಅಂಕಿ 13.8 ಎಂದಾದರೆ 10.29. ಅದೇ ತೂಕದ ಹಿತ್ತಾಳೆ ಬಟ್ಟಲಿಗೆ ಅಂಕಿ 16.7ರ ಸುತ್ತ ಬರುತ್ತಿತ್ತು.

ಶುದ್ಧ ಬೆಳ್ಳಿ 10.49, ತಾಮ್ರ 8.96, ಹಿತ್ತಾಳೆ ಮತ್ತು ಜರ್ಮನ್ ಸಿಲ್ವರ್ ಎಂಟೂವರೆ ಆಸುಪಾಸು. 10ಕ್ಕಿಂತ ಮೇಲೆ ಬಂದರೆ ಬೆಳ್ಳಿ ಎನ್ನಲು ಬಲವಾದ ಆಧಾರವಿದೆ. ಆದರೆ ಈ ಪರೀಕ್ಷೆಯಿಂದ ಶುದ್ಧತೆ ಹೇಳಲು ಹೋಗಬೇಡಿ. 925ರ ಬೆಳ್ಳಿಗೆ 10.36, 800ರ ಬೆಳ್ಳಿಗೆ 10.14, ವ್ಯತ್ಯಾಸ ಬರೀ ಶೇ. 2. ಒಂದೆರಡು ಗಾಳಿಗುಳ್ಳೆ ಕೆತ್ತನೆಗೆ ಅಂಟಿಕೊಂಡರೆ ಅಷ್ಟು ತಪ್ಪು ಆಗಿಬಿಡುತ್ತದೆ. ನೀರಿಗೆ ಒಂದು ಹನಿ ಸೋಪು ಹಾಕಿ, ವಸ್ತುವನ್ನು ಅಲುಗಾಡಿಸಿ ಗುಳ್ಳೆ ಬಿಡಿಸಿ, ಮೂರು ಸಲ ಅಳೆಯಿರಿ. ಸೀಸ 11.34 ಇರುವುದರಿಂದ ಹಿತ್ತಾಳೆಯ ಒಳಗೆ ಸೀಸ ಎರೆದು ಸರಾಸರಿ ಹೊಂದಿಸಿದ ಮೋಸವೂ ಸಾಧ್ಯ. ದಪ್ಪ ತಳದ ವಸ್ತುವಿನಲ್ಲಿ ಅದನ್ನು ನೆನಪಿಡಿ. ಅರಗು ತುಂಬಿದ ವಸ್ತುವಿಗೆ ಈ ಪರೀಕ್ಷೆ ಸಲ್ಲದು.

ಹಂತ 6: ಒರೆಗಲ್ಲು ಮತ್ತು ಮಷಿನ್

ಆಸಿಡ್ಡನ್ನು ವಸ್ತುವಿನ ಮೇಲೆ ಹಾಕಿಸಬೇಡಿ. ಕಾಣದ ಜಾಗವೊಂದನ್ನು ಒರೆಗಲ್ಲಿನ ಮೇಲೆ ಉಜ್ಜಿ, ಕಲ್ಲಿನ ಮೇಲಿನ ಗೆರೆಗೆ ನೈಟ್ರಿಕ್ ಆಸಿಡ್ ಬಿಟ್ಟು, ಮೇಲೆ ಉಪ್ಪು ನೀರಿನ ಹನಿ ಹಾಕಿದರೆ ಬೆಳ್ಳಿಯಿದ್ದಲ್ಲಿ ಹಾಲಿನಂಥ ಬಿಳಿ ಗಸಿ ಮೂಡುತ್ತದೆ. ತಾಮ್ರ, ನಿಕ್ಕಲ್ ಮಿಶ್ರಲೋಹ ಹಸಿರು-ನೀಲಿಗೆ ತಿರುಗುತ್ತದೆ, ಗಸಿ ಬರುವುದಿಲ್ಲ. ಇದು ಅನುಭವಿ ಪತ್ತಾರರ ಕೈಕೆಲಸ. ಮನೆಯಲ್ಲಿ ಮಾಡಬಾರದು, ಆಸಿಡ್ ಚರ್ಮವನ್ನೂ ಶ್ವಾಸಕೋಶವನ್ನೂ ಸುಡುತ್ತದೆ.

ಪೇಟೆಯಲ್ಲಿ ಟಂಚ್ ಮಷಿನ್ ಎನ್ನುವುದು ಎಕ್ಸ್-ರೇ ಯಂತ್ರ. ವಸ್ತುವಿಗೆ ಏಟಾಗುವುದಿಲ್ಲ, ಫಲಿತಾಂಶ ನಿಮಿಷಗಳಲ್ಲಿ. ಆದರೆ ಅದು ಓದುವುದು ಮೇಲಿನ ತೆಳು ಪದರವನ್ನು ಮಾತ್ರ, ಮತ್ತು ಹಳೇ ಬೆಳ್ಳಿಯ ಮೇಲ್ಪದರ ಒಳಗಿಗಿಂತ ಶುದ್ಧವಾಗಿರುತ್ತದೆ. ಪತ್ತಾರರು ಕಾಯಿಸಿದ ಬೆಳ್ಳಿಯನ್ನು ಹುಳಿಯಲ್ಲಿ ಬೇಯಿಸಿ ಬಿಳಿ ಮಾಡುವಾಗ ಮೇಲ್ಮೈಯ ತಾಮ್ರ ಕರಗಿ ಹೋಗುತ್ತದೆ. ಆದ್ದರಿಂದ ತಳ, ಅಂಚು, ಸವೆದ ಉಬ್ಬು ಹೀಗೆ ಕನಿಷ್ಠ ಮೂರು ಕಡೆ ಓದಿಸಿ. ಬೆಸುಗೆಯ ಮೇಲೆ ಓದಿಸಿದರೆ ಶುದ್ಧತೆ ಕಡಿಮೆ ಬರುತ್ತದೆ. ಅದೇ ಅಂಕಿ ತೋರಿಸಿ ಇಡೀ ವಸ್ತುವಿಗೆ ಬೆಲೆ ಕಟ್ಟಲು ಬಿಡಬೇಡಿ.

ಯಂತ್ರದವರು ಬರೀ ಬೆಳ್ಳಿಯ ಶೇಕಡಾವಾರು ಕೊಡುತ್ತಾರೆ. ಎಲ್ಲ ಲೋಹಗಳ ಪಟ್ಟಿಯನ್ನು ಮುದ್ರಿಸಿ ಕೊಡಿ ಎಂದು ಕೇಳಿ. ನಿಕ್ಕಲ್ ಗಣನೀಯವಾಗಿ ಕಂಡರೆ ಒಳಗೆ ಜರ್ಮನ್ ಸಿಲ್ವರ್ ಇರುವ ಶಂಕೆ. ಬೆಸುಗೆಯಲ್ಲಿ ಕ್ಯಾಡ್ಮಿಯಂ ಕಂಡರೆ ಆ ಬೆಸುಗೆ 20ನೇ ಶತಮಾನದ್ದು. ಚಿನ್ನ, ಸೀಸದ ಲವಲೇಶ ಕಂಡರೆ ಹಳೇ ಬೆಳ್ಳಿ ಎಂಬುದಕ್ಕೆ ಪುಷ್ಟಿ, ಏಕೆಂದರೆ ವಿದ್ಯುತ್ತಿನಿಂದ ಶುದ್ಧ ಮಾಡಿದ ಇಂದಿನ ಬೆಳ್ಳಿಯಲ್ಲಿ ಅವು ಉಳಿಯುವುದಿಲ್ಲ.

ನಾಣ್ಯಗಳು

ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜರ ರೂಪಾಯಿ 11.66 ಗ್ರಾಂ, ಶೇ. 91.7 ಬೆಳ್ಳಿ. ಹಳೇ ಜವಾರಿ ಒಡವೆಗಳಲ್ಲಿ ಬಹಳಷ್ಟು ಈ ರೂಪಾಯಿಗಳನ್ನೇ ಕರಗಿಸಿ ಮಾಡಿದವು, ಹಾಗಾಗಿ ಟಂಚ್ (ಶೇಕಡಾ ಶುದ್ಧತೆ) 90ರ ಹತ್ತಿರ ಬಂದರೆ ಕಳಪೆ ಎನ್ನಬೇಕಿಲ್ಲ. 1940ರಿಂದ 1945ರ ರೂಪಾಯಿಯಲ್ಲಿ ಬೆಳ್ಳಿ ಅರ್ಧದಷ್ಟೇ, 1947ರದ್ದು ನಿಕ್ಕಲ್. ವಿಕ್ಟೋರಿಯಾಳ ಹೆಸರಿನ ಮುಂದೆ 1877ರಿಂದ ಕ್ವೀನ್ ಬದಲು ಎಂಪ್ರೆಸ್ ಎಂದಿರುತ್ತದೆ. ವರ್ಷವೂ ಬಿರುದೂ ತಾಳೆಯಾಗದ ನಾಣ್ಯ ಖೋಟಾ. ರೂಪಾಯಿ ಸರದ ಕಾಲ ತಿಳಿಯಲು ಅದರಲ್ಲಿರುವ ಅತಿ ಹೊಸ ನಾಣ್ಯ ನೋಡಿ, ಸರ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಆದಿಲ್‌ಶಾಹಿಯ ಲಾರಿ ನಾಣ್ಯ ದುಂಡಗಿಲ್ಲ. ಬೆಳ್ಳಿ ತಂತಿಯನ್ನು ಎರಡಾಗಿ ಮಡಚಿ ಅದರ ಮೇಲೆ ಅಚ್ಚು ಒತ್ತಿದ್ದು, ತೂಕ 5 ಗ್ರಾಂಗೆ ತುಸು ಕಡಿಮೆ. ಎರಡನೇ ಅಲಿ ಆದಿಲ್‌ಶಾಹ ಇವನ್ನು ಹೊರಡಿಸಿದ. ಚೂರು ತಂತಿಯ ಗುಡ್ಡೆಯಲ್ಲಿ ಹೇರ್‌ಪಿನ್‌ನಂಥದ್ದು ಕಂಡರೆ ಅದರ ಮೇಲೆ ಅರೇಬಿಕ್ ಲಿಪಿಯ ತುಣುಕು ಇದೆಯೇ ನೋಡದೆ ಕುಲುಮೆಗೆ ಹಾಕಬೇಡಿ.

ಖೋಟಾ ಮುದ್ರೆ

ಒತ್ತಿದ ಮುದ್ರೆಯ ಅಂಚು ಚೂಪು, ತಳ ನುಣುಪು. ತೆಳು ತಗಡಾದರೆ ಹಿಂಬದಿ ಸ್ವಲ್ಪ ಉಬ್ಬಿರುತ್ತದೆ. ಅಸಲಿ ವಸ್ತುವಿನಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅಂಚು ಮೊಂಡು, ಮುದ್ರೆಯೊಳಗೆ ಸಣ್ಣ ಸಣ್ಣ ರಂಧ್ರ. ಆರು ಚಮಚಗಳಲ್ಲೂ ಮುದ್ರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಒಂದೇ ಜಾಗ, ಒಂದೇ ಓರೆಯಲ್ಲಿದ್ದರೆ ಅವು ಎರಕದವು. ಇನ್ನೊಂದು ಹಳೇ ಮೋಸ, ಮುರಿದ ಚಮಚದ ಮುದ್ರೆಯ ತುಂಡನ್ನು ದೊಡ್ಡ ಪಾತ್ರೆಯ ತಳಕ್ಕೆ ಬೆಸೆಯುವುದು. ತಳದ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು ಕೂಡಲೇ ಓರೆ ಬೆಳಕಿನಲ್ಲಿ ನೋಡಿ. ಆವಿ ಆರುವಾಗ ಮುದ್ರೆಯ ಸುತ್ತ ಬೆಸುಗೆಯ ಗೆರೆ ಬೇರೆ ಬಣ್ಣದಲ್ಲಿ ಒಂದು ಕ್ಷಣ ಕಾಣಿಸಿಕೊಳ್ಳುತ್ತದೆ.

ದಾಖಲೆ, ಸಂಗ್ರಹ, ಕಾನೂನು

ಆಲಮಟ್ಟಿ ಹಿನ್ನೀರಿನಿಂದಾಗಿ ಹಳೇ ಬಾಗಲಕೋಟೆಯ ಅನೇಕ ಮನೆಗಳು ನವನಗರಕ್ಕೆ ಬಂದವು, ಟ್ರಂಕುಗಳೂ ಬಂದವು. ಯಾವ ಪಾತ್ರೆ ಯಾರದ್ದು ಎಂಬ ಮಾತು ಮಾತ್ರ ಹಿರಿಯರ ನೆನಪಿನಲ್ಲೇ ಉಳಿದಿದೆ. ಅದನ್ನು ಈಗಲೇ ಬರೆದಿಡಿ: ಯಾವ ಊರಿಂದ, ಯಾರ ಮದುವೆಗೆ, ತೂಕ, ಅಳತೆ, ಬರಹದ ಫೋಟೊ. ಇಡುವಾಗ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಿದ ಡಬ್ಬಿಯಲ್ಲಿ ಇಡಿ. ರಬ್ಬರ್ ಬ್ಯಾಂಡ್, ಉಣ್ಣೆ, ಪತ್ರಿಕೆ ಬೇಡ. ರಬ್ಬರಿನ ಗಂಧಕ ಬಿಡಿಸಲಾಗದ ಕಪ್ಪು ಗೆರೆ ಕೊರೆಯುತ್ತದೆ.

ಅಡಿಪಾಯ ತೋಡುವಾಗ ನೆಲದಲ್ಲಿ ಬೆಳ್ಳಿ ನಾಣ್ಯ, ಪಾತ್ರೆ ಸಿಕ್ಕರೆ ಅದು ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ, ಕಲಾಕೃತಿ, ಕುಶಲಕೆಲಸದ ವಸ್ತುಗಳು ಪುರಾತನ ವಸ್ತುಗಳೇ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯಾಗಿ ವಿದೇಶಕ್ಕೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ಗುಲಾಬ್‌ದಾನಿ ಕಳಿಸುವ ಯೋಚನೆಯಿದ್ದರೆ, ಅದು 100 ವರ್ಷದ ಒಳಗಿನದು ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಿರಿ. ವಿಮಾನ ನಿಲ್ದಾಣದ ಕಸ್ಟಮ್ಸ್ ಮುಂದೆ ನಿಂತಾಗ ಅದಕ್ಕೆ ಸಮಯವಿರುವುದಿಲ್ಲ.